ಮುಂದೇನಾಯ್ತು ಅಂತ ಯಾರೂ ಹೇಳಲ್ಲ

ತೀರ್ಥಹಳ್ಳಿ ಬಸ್ ಸ್ಟ್ಯಾಂಡ್ ಹತ್ತಿರದ ಹೋಟೆಲಿನಲ್ಲಿ ಬೆಳಿಗ್ಗೆ ಕಾಫಿಗೆ ಕೂತೆ. ಟಿವಿಯಲ್ಲಿ ಯಾವುದೋ ಹಗರಣ. ಕೆಂಪು ಬಾಣ, ಢಣ್ ಅಂತ ಸದ್ದು, ಅದೇ ಹತ್ತು ಸೆಕೆಂಡಿನ ವಿಡಿಯೋ ಮತ್ತೆ ಮತ್ತೆ. ಪಕ್ಕದ ಟೇಬಲ್‌ನವರ ಮೊದಲ ಪ್ರಶ್ನೆ, "ಯಾವ ಜಾತಿಯವನು ಮಾರಾಯ?" ಎಷ್ಟು ದುಡ್ಡು, ಯಾರ ದುಡ್ಡು ಅಂತ ಒಬ್ಬರೂ ಕೇಳಲಿಲ್ಲ. ಮೈ ಉರಿದುಹೋಯಿತು.

2011ರ ಜುಲೈ ನೆನಪಿದೆ ಅಲ್ವಾ? ಅಕ್ರಮ ಗಣಿಗಾರಿಕೆಯ ಬಗ್ಗೆ ಲೋಕಾಯುಕ್ತ ಸಂತೋಷ್ ಹೆಗ್ಡೆ ವರದಿ ಕೊಟ್ಟರು. ಬೊಕ್ಕಸಕ್ಕೆ 16,085 ಕೋಟಿ ರೂಪಾಯಿ ನಷ್ಟ ಅಂತ ಅದರಲ್ಲಿತ್ತು. ನಮ್ಮ ಜಿಲ್ಲೆಯ ಯಡಿಯೂರಪ್ಪ ಮುಖ್ಯಮಂತ್ರಿ ಸ್ಥಾನ ಬಿಟ್ಟರು. ಶಿವಮೊಗ್ಗದಲ್ಲಿ ಆಗ ಬೇರೆ ಮಾತೇ ಇರಲಿಲ್ಲ. 2016ರಲ್ಲಿ ಸಿಬಿಐ ವಿಶೇಷ ಕೋರ್ಟ್ ಅವರನ್ನು ಇದೇ ಗಣಿ ವಿಚಾರದ 40 ಕೋಟಿ ಲಂಚದ ಕೇಸಿನಲ್ಲಿ ಖುಲಾಸೆ ಮಾಡಿತು. ಗೊತ್ತಾ ಅಂತ ಆ ಟೇಬಲ್‌ನವರನ್ನು ಕೇಳಿದೆ. ಬೈಯುವವರಿಗೂ ಗೊತ್ತಿಲ್ಲ, ಹೊಗಳುವವರಿಗೂ ಸರಿಯಾಗಿ ಗೊತ್ತಿಲ್ಲ.

ಆ 16,085 ಕೋಟಿಯಲ್ಲಿ ಎಷ್ಟು ವಾಪಸ್ ಬಂತು? ಯಾವ ಚಾನೆಲ್ಲೂ ಕೂತು ಲೆಕ್ಕ ಹಾಕಿ ತೋರಿಸಿದ್ದನ್ನು ನಾನು ನೋಡಿಲ್ಲ.

ಸುಮ್ನೆ ಕಿರುಚೋದು ಬಿಡಿ ಸ್ವಾಮಿ. ಕೇಸು ಎಲ್ಲಿಗೆ ಬಂತು ಅಂತ ತಿಂಗಳಿಗೊಮ್ಮೆ ಐದು ನಿಮಿಷ ಹೇಳಿ, ಸಾಕು.