ಎರಡನೇ ಸೊನ್ನೆಗೇ ಮಸಿ

ಮಾರ್ಕ್ಸ್ ಇಲ್ಲದ ಪರೀಕ್ಷೆ ಅಂದರೆ ಮಕ್ಕಳಿಗೆ ಆಸಕ್ತಿಯೇ ಇಲ್ಲವಂತೆ; ಅದನ್ನೂ ಸೀರಿಯಸ್ಸಾಗಿ ಬರೆಯುವಂತೆ ಮೇಷ್ಟ್ರುಗಳು ಹುರಿದುಂಬಿಸಬೇಕಂತೆ. ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕ ಮೇಷ್ಟ್ರೊಬ್ಬರು ಹೀಗೆಂದು ಹೇಳಿ, ‘ನಮ್ಮನ್ನ ಯಾರು ಹುರಿದುಂಬಿಸ್ತಾರೆ ಸ್ವಾಮಿ?’ ಅಂದರು. ಅರಕಲಗೂಡು ಬಸ್ಸು ಬಂತು, ಹತ್ತಿ ಹೋದರು.

ನನ್ನ ತಂಗಿ ಮಗ ಒಂಬತ್ತನೇ ಕ್ಲಾಸಿನಲ್ಲಿದ್ದಾಗ, 2024ರ ಡಿಸೆಂಬರ್ 4ರಂದು, ಪರಖ್ ಸಮೀಕ್ಷೆ ಬರೆದ. ಮಕ್ಕಳು ಎಷ್ಟು ಕಲಿತಿದ್ದಾರೆ ಅಂತ ದೇಶದಾದ್ಯಂತ ಅಳೆಯುವ ಸರ್ಕಾರಿ ಪರೀಕ್ಷೆ ಅದು. ಅದಕ್ಕೂ ಮೊದಲು ಅಣಕು ಪರೀಕ್ಷೆಗಳು. (ಹೆಸರೇ ಅಣಕು. ನಾನು ಅಣಕಿಸಲು ಏನು ಉಳಿಯಿತು?)

‘ಇದಕ್ಕೆ ಎಷ್ಟು ಮಾರ್ಕ್ಸು ಮಾವ?’

‘ನಿನಗೆ ಮಾರ್ಕ್ಸ್ ಇಲ್ಲ ಕಣೋ.’

‘ಬರೀದಿದ್ರೆ ಫೇಲಾ?’

‘ಅದೂ ಇಲ್ಲ.’

‘ಮತ್ತೆ?’

‘ಜಿಲ್ಲೆಗೆ ಒಳ್ಳೇ ಹೆಸರು ಬರುತ್ತೆ.’

ಹುಡುಗ ನನ್ನ ಮುಖವನ್ನೇ ನೋಡಿದ. ಆಮೇಲೆ ಸರಿಯುತ್ತರದ ಸೊನ್ನೆಗೆ ಮಸಿ ತುಂಬಬೇಕಾದ ಓಎಂಆರ್ ಹಾಳೆಯಲ್ಲಿ, ಪ್ರತಿ ಪ್ರಶ್ನೆಗೂ ಸಾಲಾಗಿ ಎರಡನೇ ಸೊನ್ನೆಗೇ ತುಂಬಿ, ಎಲ್ಲರಿಗಿಂತ ಮೊದಲು ಪೆನ್ನು ಕೆಳಗಿಟ್ಟನಂತೆ. ಅವನ ಅಜ್ಜಿ ಅಂಗಳದಲ್ಲಿ ಹಾಕುವ ಚುಕ್ಕಿ ರಂಗೋಲಿಗೆ ಇದಕ್ಕಿಂತ ಜಾಸ್ತಿ ಲೆಕ್ಕಾಚಾರ ಬೇಕು.

ನಮ್ಮ ಹಾಸನಾಂಬೆ ವರ್ಷಕ್ಕೊಮ್ಮೆ ಬಾಗಿಲು ತೆಗೆಯುತ್ತಾಳೆ. ಹೋದ ವರ್ಷ ಹಚ್ಚಿದ ದೀಪ ಆರಿರುವುದಿಲ್ಲ, ಇಟ್ಟ ಅನ್ನ ಹಳಸಿರುವುದಿಲ್ಲ ಅನ್ನುವುದು ಭಕ್ತರ ನಂಬಿಕೆ. ಸಮೀಕ್ಷೆಯಮ್ಮ ಇನ್ನೂ ಅಪರೂಪ: 2017, 2021, ಆಮೇಲೆ 2024. ಬಾಗಿಲು ತೆಗೆದರೆ ಭಾಗಾಕಾರ ಬಾರದ ಹುಡುಗ ಹೋದ ಸಲ ಇಟ್ಟ ಹಾಗೇ ಇರುತ್ತಾನೆ. ಚೂರೂ ಕೆಟ್ಟಿಲ್ಲ! ಮಂಗಳಾರತಿ ಎತ್ತಿ ಬಾಗಿಲು ಹಾಕುತ್ತಾರೆ. 1000 ರೂಪಾಯಿ ಟಿಕೆಟ್ಟಿನ ನೇರ ದರ್ಶನ ಮಾತ್ರ ಇಲ್ಲಿಗಿನ್ನೂ ಬಂದಿಲ್ಲ. ಐಡಿಯಾ ಕೊಟ್ಟ ಪಾಪ ನನಗೆ ಬೇಡ.

2019ರಲ್ಲಿ ಎಸ್ಸೆಸ್ಸೆಲ್ಸಿಯಲ್ಲಿ ನಮ್ಮ ಹಾಸನ ಜಿಲ್ಲೆ ರಾಜ್ಯಕ್ಕೇ ಮೊದಲು ಬಂದಾಗ, ಆ ಹೆಸರು ಯಾರಿಗೆ ಸೇರಬೇಕು ಅಂತ ದೊಡ್ಡವರು ಕಿತ್ತಾಡಿದ್ದು ನೆನಪಿದೆ ಅಲ್ವಾ? ಬರೆದ ಮಕ್ಕಳು ಸುಮ್ನೆ ಪಿಯುಸಿ ಅರ್ಜಿಯ ಕ್ಯೂನಲ್ಲಿ ನಿಂತಿದ್ದರು.

ಪರಖ್ ವರದಿ ಬಂದದ್ದು 2025ರ ಜುಲೈನಲ್ಲಿ. ಹುಡುಗ ಆಗಲೇ ಹತ್ತನೇ ಕ್ಲಾಸು. ವರದಿಯಲ್ಲಿ ಜಿಲ್ಲೆ ಇತ್ತು, ಅವನಿರಲಿಲ್ಲ. ಯಾವ ಲೆಕ್ಕ ತಪ್ಪಿತು, ಯಾಕೆ ತಪ್ಪಿತು, ಒಬ್ಬರೂ ಅವನಿಗೆ ಹೇಳಲಿಲ್ಲ. ಹಾಳೆ ಕೈಗೆ ವಾಪಸ್ ಬರಲೇ ಇಲ್ಲ. ಇಷ್ಟಾದ ಮೇಲೂ ಮಕ್ಕಳಿಗೆ ಆಸಕ್ತಿ ಇಲ್ಲ ಅಂತ ದೂರುತ್ತೀರಲ್ಲ, ನಾಚಿಕೆ ಬೇಡವೇ? ಗೋಲಿ ಆಟಕ್ಕೂ ಮಾರ್ಕ್ಸ್ ಇಲ್ಲ. ಆದರೂ ಊಟ ಬಿಟ್ಟು ಆಡುತ್ತಾರೆ. ಗುರಿ ತಪ್ಪಿದ್ದು ಅಲ್ಲೇ, ಆಗಲೇ ಕಾಣುತ್ತದೆ.

ಅದೆಲ್ಲ ಸರಿ, ಎರಡನೇ ಸೊನ್ನೆಯೇ ಯಾಕೋ ಅಂತ ಮೊನ್ನೆ ಅವನನ್ನು ಕೇಳಿದೆ.

‘ಬಿಸಿಯೂಟದ ಸಾರಿಗೆ ಒಗ್ಗರಣೆ ಬಿತ್ತು ಮಾವ. ಮೊದಲನೇದಕ್ಕೆ ತುಂಬೋಣ ಅಂದ್ರೆ ಪಕ್ಕದವನು ಆಗ್ಲೇ ಅದನ್ನ ಹಿಡಿದಿದ್ದ.’