ಲಾಂಜ್ ಭಾಗ್ಯ ಎಂಬ ಆರನೇ ಗ್ಯಾರಂಟಿ

ಕರ್ನಾಟಕದಲ್ಲಿ ಅತಿ ಅಗ್ಗದ ತಿಂಡಿ ಎಲ್ಲಿ ಸಿಗುತ್ತದೆ ಎಂದು ಕೇಳಿದರೆ ಎಲ್ಲರೂ ಇಂದಿರಾ ಕ್ಯಾಂಟೀನ್ ಎನ್ನುತ್ತಾರೆ. 2017ರಲ್ಲಿ ಶುರುವಾದಾಗ ಅಲ್ಲಿ ತಿಂಡಿಗೆ 5 ರೂಪಾಯಿ, ಊಟಕ್ಕೆ 10. ಆದರೂ ಉತ್ತರ ತಪ್ಪು. ದೇವನಹಳ್ಳಿಗೆ ಹೋಗಿ, ಸೆಕ್ಯುರಿಟಿ ಚೆಕ್‌ನಲ್ಲಿ ಬೆಲ್ಟು ಬಿಚ್ಚಿ ಕಟ್ಟಿಕೊಂಡು ಮುಂದೆ ನಡೆದರೆ 2 ರೂಪಾಯಿಗೇ ಸಿಗುತ್ತದೆ. ಇಡ್ಲಿ, ಉಪ್ಪಿಟ್ಟು, ಪನೀರು, ಜಾಮೂನು, ಎಷ್ಟು ಬೇಕಾದರೂ ಬಡಿಸಿಕೊಳ್ಳಬಹುದು. ಜೊತೆಗೆ ಸೋಫಾ, ಎಸಿ, ವೈಫೈ. ಕಾರ್ಡ್ ಮಾತ್ರ ಇರಬೇಕು. ಬಿಪಿಎಲ್ ಕಾರ್ಡ್ ಅಲ್ಲ, ಬ್ಯಾಂಕಿನದು.

ಇದಕ್ಕೆ ಏರ್‌ಪೋರ್ಟ್ ಲಾಂಜ್ ಎನ್ನುತ್ತಾರೆ. ವಿಮಾನ ಹತ್ತುವ ಮುಂಚೆ ಆರಾಮ ಮಾಡುವ ಜಾಗ. ಬೆಳಿಗ್ಗೆ ಆರು ಗಂಟೆಗೆ ದೇಶದ ಯಾವುದೇ ದೊಡ್ಡ ನಿಲ್ದಾಣದ ಲಾಂಜ್ ಮುಂದೆ ಹೋಗಿ ನೋಡಿ. ಆರಾಮ ಮಾಡಲು ಬಂದವರು ಟ್ರಾಲಿ ಬ್ಯಾಗ್ ಹಿಡಿದುಕೊಂಡು ಸಾಲಿನಲ್ಲಿ ನಿಂತಿರುತ್ತಾರೆ. ಸಾಲಿನ ಪಕ್ಕದಲ್ಲೇ ನಿಲ್ದಾಣದವರು ಹಾಕಿಸಿದ ಕುರ್ಚಿಗಳು ಖಾಲಿ ಬಿದ್ದಿರುತ್ತವೆ. ಅಲ್ಲಿ ಕೂರಲು ದುಡ್ಡೂ ಬೇಡ, ಕಾರ್ಡೂ ಬೇಡ. ಅದಕ್ಕೇ ಯಾರೂ ಕೂರುವುದಿಲ್ಲ. ಹುಬ್ಬಳ್ಳಿ ವಿಮಾನ ಆಕಾಶದಲ್ಲಿರುವುದು ಹೆಚ್ಚುಕಡಿಮೆ ಒಂದು ಗಂಟೆ. ಆ ಒಂದು ಗಂಟೆ ಕೂರುವ ಆಯಾಸಕ್ಕೆ ಮುಂಗಡವಾಗಿ ವಿಶ್ರಾಂತಿ ಪಡೆಯಲು ಮುಕ್ಕಾಲು ಗಂಟೆ ನಿಲ್ಲುತ್ತೇವೆ.

ನಿಂತವರು ಮಾತಾಡದೆ ಇರುತ್ತಾರೆಯೇ? ಮಾತು ಮೊದಲು ಟ್ರಾಫಿಕ್‌ನಿಂದ ಶುರುವಾಗುತ್ತದೆ. ಆಮೇಲೆ ಮೆಟ್ರೋ. ಆಮೇಲೆ ಯಾರಾದರೊಬ್ಬರು ನಿಟ್ಟುಸಿರು ಬಿಟ್ಟು, "ಈ ಬಿಟ್ಟಿ ಭಾಗ್ಯಗಳಿಂದ ರಾಜ್ಯ ಹಾಳಾಯ್ತು ಸಾರ್" ಎನ್ನುತ್ತಾರೆ. ಸಾಲು ಪೂರ್ತಿ ತಲೆಯಾಡಿಸುತ್ತದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರೆಲ್ಲ ಬಸ್ ಹತ್ತಿ ಧರ್ಮಸ್ಥಳಕ್ಕೆ ಹೊರಟುಬಿಟ್ಟರು ಎಂಬ ದುಃಖ. ಪುಕ್ಕಟೆ ಕೊಟ್ಟರೆ ಜನ ಸೋಮಾರಿಗಳಾಗುತ್ತಾರೆ ಎಂಬ ಚಿಂತೆ. ಅಷ್ಟರಲ್ಲಿ ಕೌಂಟರಿನ ಹುಡುಗಿ "ನೆಕ್ಸ್ಟ್" ಎನ್ನುತ್ತಾಳೆ. ಚಿಂತೆ ಮಾಡುತ್ತಿದ್ದವರು ಪರ್ಸಿನಿಂದ ತಮ್ಮದೊಂದು, ಹೆಂಡತಿಯದೊಂದು, ಮಗನದೊಂದು ಕಾರ್ಡ್ ತೆಗೆಯುತ್ತಾರೆ. ಪುಗಸಟ್ಟೆ ಸಿಕ್ಕರೆ ನನಗೊಂದಿರಲಿ, ನಮ್ಮಪ್ಪಂಗೊಂದಿರಲಿ ಅಂತ ಹಿರಿಯರು ಹೇಳಿದಾಗ, ಮನೆಯವರ ಹೆಸರಿಗೂ ಕೊಡುವ ಆಡ್-ಆನ್ ಕಾರ್ಡ್ ಇನ್ನೂ ಬಂದಿರಲಿಲ್ಲ.

"ಇದು ಬಿಟ್ಟಿ ಅಲ್ಲ ಸ್ವಾಮಿ, ನಮ್ಮ ಬ್ಯಾಂಕು ಕೊಡುತ್ತದೆ" ಎನ್ನುತ್ತೀರಿ ಅಲ್ವಾ? ಕೊಡುತ್ತದೆ, ನಿಜ. ಆ 2 ರೂಪಾಯಿ ಇಡ್ಲಿಯ ಬೆಲೆ ಅಲ್ಲ, ಕಾರ್ಡ್ ಜೀವಂತ ಇದೆಯಾ ಎಂದು ನಾಡಿ ಹಿಡಿದು ನೋಡುವ ಲೆಕ್ಕ. ತಟ್ಟೆಯ ನಿಜವಾದ ಬಿಲ್ಲು ನಾವು ಜಾಮೂನು ಹುಡುಕುತ್ತಿರುವಾಗ ಸದ್ದಿಲ್ಲದೆ ಬ್ಯಾಂಕಿನ ಕಡೆಗೋ ಕಾರ್ಡ್ ಕಂಪನಿಯ ಕಡೆಗೋ ಹೋಗುತ್ತದೆ. ಬ್ಯಾಂಕಿಗೆ ಎಲ್ಲಿಂದ ಬರುತ್ತದೆ? ನಾವು ಕ್ರೆಡಿಟ್ ಕಾರ್ಡ್ ಉಜ್ಜಿದಾಗಲೆಲ್ಲ ಅಂಗಡಿಯವನು ನೂರಕ್ಕೆ ಸುಮಾರು ಎರಡು ರೂಪಾಯಿ ಕಳೆದುಕೊಳ್ಳುತ್ತಾನೆ. ಅವನೇನು ಧರ್ಮಛತ್ರ ಇಟ್ಟಿದ್ದಾನಾ? ಬೇಳೆಗೋ ಎಣ್ಣೆಗೋ ಸೇರಿಸಿಕೊಳ್ಳುತ್ತಾನೆ. ಅದೇ ಅಂಗಡಿಯಲ್ಲಿ ಸೆರಗಿನ ಗಂಟು ಬಿಚ್ಚಿ ನೋಟು ಕೊಟ್ಟು ಬೇಳೆ ಒಯ್ಯುವ ಹೆಂಗಸೂ ಅದೇ ಬೆಲೆ ಕೊಡುತ್ತಾಳೆ. ಅಂದರೆ ನಮ್ಮ ಜಾಮೂನಿನಲ್ಲಿ ಅವಳದೂ ಒಂದು ಚಮಚ ಪಾಕ ಇದೆ. ಅವಳ ಬಸ್ ಟಿಕೆಟ್ಟಿಗೆ ನಮ್ಮ ತೆರಿಗೆ ಹೋಯಿತು ಎಂದು ನಾವು ಅತ್ತಿದ್ದೇನೋ ಸರಿ. ಅವಳು ಅಳುವುದಿಲ್ಲ, ಯಾಕೆಂದರೆ ಅವಳಿಗೆ ಯಾರೂ ಹೇಳಿಲ್ಲ.

ಪಾಪ, ಈಗ ಬ್ಯಾಂಕುಗಳಿಗೂ ಈ ಭಾಗ್ಯ ಭಾರವಾಗಿದೆ. ಕೆಲವು ವರ್ಷಗಳಿಂದ ಒಂದೊಂದೇ ಷರತ್ತು ಹಾಕುತ್ತಿವೆ. ಹಿಂದಿನ ಮೂರು ತಿಂಗಳಲ್ಲಿ 35,000 ರೂಪಾಯಿ ಖರ್ಚು ಮಾಡಿದ್ದರೆ ಮಾತ್ರ ಒಳಗೆ ಬನ್ನಿ ಎಂದು 2024ರಲ್ಲಿ ಹೇಳಿದ ಕಾರ್ಡುಗಳಿವೆ. ಲಕ್ಷ ಕೇಳಿದ ಕಾರ್ಡುಗಳೂ ಇವೆ. ನಮ್ಮ ರಾಜ್ಯದಲ್ಲಿ ವರ್ಷದ ಆದಾಯ 1.20 ಲಕ್ಷ ದಾಟಿದರೆ ಬಿಪಿಎಲ್ ಕಾರ್ಡ್ ರದ್ದು. ಬಡವ ಜಾಸ್ತಿ ಗಳಿಸಿದರೆ ಅಕ್ಕಿ ಹೋಯಿತು, ನಾವು ಕಡಿಮೆ ಖರ್ಚು ಮಾಡಿದರೆ ಇಡ್ಲಿ ಹೋಯಿತು. ಹೀಗಾಗಿ 2 ರೂಪಾಯಿ ತಿಂಡಿ ಕೈತಪ್ಪದಿರಲೆಂದು ಬೇಡದ ಮಿಕ್ಸಿ, ಬೇಡದ ವಾಚು ಕೊಳ್ಳುವ ಜಾಣರು ಹುಟ್ಟಿಕೊಂಡಿದ್ದಾರೆ. ಕಾರ್ಡ್ ತಿರಸ್ಕಾರವಾದ ಒಬ್ಬರು ಕೌಂಟರಿನಲ್ಲೇ ಕಸ್ಟಮರ್ ಕೇರ್‌ಗೆ ಫೋನ್ ಮಾಡಿ, "ಮನೆ ಬಾಡಿಗೆ ಕಟ್ಟಿದ್ದು ಲೆಕ್ಕಕ್ಕೆ ಬರಲ್ವಾ ಮೇಡಂ?" ಎಂದು ಅಂಗಲಾಚುವುದನ್ನು ನಾನೇ ಕೇಳಿದ್ದೇನೆ. ರೇಷನ್ ಅಂಗಡಿಯಲ್ಲಿ ಬೆರಳಚ್ಚು ತಾಳೆಯಾಗದವರೂ ಹೀಗೇ ಬೇಡಿಕೊಳ್ಳುತ್ತಾರೆ. ಅಲ್ಲಿ ಮೇಡಂ ಇರುವುದಿಲ್ಲ, ಅಷ್ಟೇ ವ್ಯತ್ಯಾಸ.

2024ರ ಸೆಪ್ಟೆಂಬರ್‌ನಲ್ಲಿ ಬ್ಯಾಂಕಿಗೂ ಲಾಂಜಿಗೂ ನಡುವೆ ಇದ್ದ ಮಧ್ಯವರ್ತಿ ಕಂಪನಿಯ ವ್ಯವಸ್ಥೆ ಕೈಕೊಟ್ಟು, ಹಲವು ನಿಲ್ದಾಣಗಳಲ್ಲಿ ಕಾರ್ಡ್ ತಂದವರನ್ನು ಬಾಗಿಲಲ್ಲೇ ನಿಲ್ಲಿಸಿದರು. ಆಗ ಎದ್ದ ಆಕ್ರೋಶ ನೋಡಬೇಕಿತ್ತು. ಇನ್ನು ಕಾರ್ಡೇ ಇಲ್ಲದವರ ಮೇಲೆ ಸರ್ಕಾರಕ್ಕೆ ಕನಿಕರ ಬಂದು, ಅದೇ ಡಿಸೆಂಬರ್‌ನಲ್ಲಿ ಕೋಲ್ಕತ್ತಾ ನಿಲ್ದಾಣದಲ್ಲಿ 10 ರೂಪಾಯಿಗೆ ಟೀ, 20 ರೂಪಾಯಿಗೆ ಸಮೋಸ ಕೊಡುವ ಕೆಫೆ ತೆರೆಯಿತು. ಬಡ ವಿಮಾನ ಪ್ರಯಾಣಿಕ ಎಂಬ ಹೊಸ ಜಾತಿಯೊಂದು ಅಧಿಕೃತವಾಯಿತು.

ಒಳಗೆ ಹೋದವರ ಪಾಡೂ ಸುಖದ್ದಲ್ಲ. ಸೋಫಾದ ಮೇಲೆ ಯಾರದೋ ಕರ್ಚೀಫು ಸೀಟು ಹಿಡಿದಿರುತ್ತದೆ. ಹಲವು ದೊಡ್ಡ ನಿಲ್ದಾಣಗಳು ಈಗ ನಿಶ್ಶಬ್ದ, ಬೋರ್ಡಿಂಗ್ ಆಯಿತೆಂದು ಮೈಕಿನಲ್ಲಿ ಕೂಗುವವರಿಲ್ಲ. ವಿಮಾನ ಹೊರಡುವ 25 ನಿಮಿಷ ಮುಂಚೆ ಗೇಟು ಮುಚ್ಚುತ್ತಾರೆ. ಆದ್ದರಿಂದ ಒಂದು ಕಣ್ಣು ಪರದೆ ಮೇಲೆ, ಒಂದು ಕಣ್ಣು ದೋಸೆ ಕೌಂಟರ್ ಮೇಲೆ ಇಟ್ಟು, ನಿಂತೇ ನುಂಗುವುದಕ್ಕೆ ರಿಲ್ಯಾಕ್ಸ್ ಆಗುವುದು ಎನ್ನುತ್ತಾರೆ.

ನನ್ನದೊಂದು ಸಲಹೆ. ರಾಜ್ಯದಲ್ಲಿ ಹೇಗೂ ಐದು ಗ್ಯಾರಂಟಿಗಳಿವೆ. ಇದನ್ನು ಆರನೆಯದು ಎಂದು ಘೋಷಿಸಿಬಿಡಿ. ಲಾಂಜಿನ ಬಾಗಿಲಿಗೆ ಒಂದು ಫ್ಲೆಕ್ಸ್ ಕಟ್ಟಿ: "ಲಾಂಜ್ ಭಾಗ್ಯ, ಫಲಾನುಭವಿಗಳಿಗೆ ಸ್ವಾಗತ." ಕೆಳಗೆ ಬ್ಯಾಂಕ್ ಮ್ಯಾನೇಜರು ಕೈಮುಗಿದ ಫೋಟೊ ಇರಲಿ. ಫ್ಲೆಕ್ಸಿನ ದುಡ್ಡನ್ನು ಸಾಲಿನಲ್ಲಿ ನಿಂತವರೇ ಕಾರ್ಡ್ ಉಜ್ಜಿ ಕೊಡಲಿ. ಮೂರು ತಿಂಗಳ ಲೆಕ್ಕಕ್ಕೂ ಸೇರುತ್ತದೆ.