“ಯಾವಾಗ್ಲೋ ಒಂದೆರಡು ಸಲ” ಅಂದುಬಿಟ್ಟರಲ್ಲ ಸರ್!

ಮನೆಗೆ ಬಂದು ಮೂರು ಗಂಟೆ ಆಯಿತು. ಕಾಫಿ ಮಾಡಿಕೊಂಡೆ, ಕುಡಿಯಲಿಲ್ಲ. ಕುಕ್ಕರ್ ಇಟ್ಟೆ, ಎಷ್ಟು ವಿಷಲ್ ಆಯಿತು ಅಂತ ಎಣಿಸಲಿಲ್ಲ. ಕಿವಿಯಲ್ಲಿ ಒಂದೇ ಮಾತು ಸುತ್ತುತ್ತಿದೆ. “ಯಾವಾಗ್ಲೋ ಒಂದೆರಡು ಸಲ ಡೌಟ್ ಕೇಳೋಕೆ ಬಂದಿದ್ಳು ಸಾರ್, ಅಷ್ಟೇ.”

ಅಷ್ಟೇ ಅಂತೆ. ಒಂದೂವರೆ ವರ್ಷ ನನ್ನ ಮಗಳಿಗೆ ಲೆಕ್ಕ ಹೇಳಿಕೊಟ್ಟ ಕಾಲೇಜು ಲೆಕ್ಚರರ್, ಇವತ್ತು ಅವರ ಪ್ರಿನ್ಸಿಪಾಲರ ಮುಂದೆ ಆಡಿದ ಮಾತಿದು.

ಐದನೇ ಕ್ಲಾಸಿನಲ್ಲಿ ಮಗಳನ್ನು ಸ್ಕೂಲು ಯಾಕೆ ಬಿಡಿಸಿದೆವು ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಗೊತ್ತಿರುವವರಿಗೆ ಗೊತ್ತು. ಅವತ್ತಿನಿಂದ ಅವಳ ಓದೆಲ್ಲ ತುಮಕೂರಿನ ಈ ಕ್ಯಾತಸಂದ್ರದ ಮನೆಯಲ್ಲೇ. ಬೆಳಿಗ್ಗೆ ನಾನು, ಸಂಜೆ ಅವರಪ್ಪ, ಮಿಕ್ಕಿದ್ದೆಲ್ಲ ಅವಳೇ. ಕೇಂಬ್ರಿಜ್ ಬೋರ್ಡಿನ ಎ ಲೆವೆಲ್, ಅಂದರೆ ನಮ್ಮ ಪಿಯುಸಿ ಮಟ್ಟದ ಪರೀಕ್ಷೆಯನ್ನು ಖಾಸಗಿಯಾಗಿ ಕಟ್ಟಿದ್ದಾಳೆ. ಪರೀಕ್ಷಾ ಕೇಂದ್ರ ಬೆಂಗಳೂರಿನಲ್ಲಿ, ಇಲ್ಲಿಂದ 70 ಕಿಲೋಮೀಟರ್. ಖಾಸಗಿ ಅಭ್ಯರ್ಥಿಗಳನ್ನು ತೆಗೆದುಕೊಳ್ಳುವ ಕೇಂದ್ರ ಹುಡುಕುವುದಕ್ಕೇ ನಾಲ್ಕು ತಿಂಗಳು ಓಡಾಡಿದೆವು. ಫಿಸಿಕ್ಸ್‌ಗೆ ಪ್ರಾಕ್ಟಿಕಲ್ ಇದೆ, ಅದಕ್ಕೆ ಲ್ಯಾಬ್ ಕೊಡುವವರು ಬೇಕಿತ್ತು. ಅದನ್ನೂ ದಾಟಿದೆವು. ಆಗಸ್ಟ್‌ನಲ್ಲಿ ಮೊದಲ ವರ್ಷದ ಫಲಿತಾಂಶ ಬಂತು. ಗಣಿತಕ್ಕೆ ಎ.

ಈಗ ಅವಳು ಅರ್ಜಿ ಹಾಕುತ್ತಿರುವುದು ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯಕ್ಕೆ, ಗಣಿತಕ್ಕೆ. ಅಲ್ಲಿ ಗಣಿತಕ್ಕೆ ಎ ಲೆವೆಲ್‌ನಲ್ಲಿ ಎರಡು ಎ ಸ್ಟಾರ್, ಒಂದು ಎ ಕೇಳುತ್ತಾರೆ. ಎ ಸ್ಟಾರ್ ಅಂದರೆ ಎಗಿಂತ ಮೇಲಿನ ಗ್ರೇಡ್. ಅದು ಸಾಲದು ಅಂತ ಸ್ಟೆಪ್ ಅನ್ನುವ ಇನ್ನೊಂದು ಪರೀಕ್ಷೆ, ಅದರ ಎರಡು ಪೇಪರ್. ಕಷ್ಟ ಅಂತ ನಮಗೆ ಗೊತ್ತು. ಸೀಟು ಸಿಗುತ್ತೆ ಅಂತ ನಾನು ಯಾರ ಹತ್ತಿರವೂ ಜಂಬ ಕೊಚ್ಚಿಕೊಂಡಿಲ್ಲ. ಸಿಗದೇ ಇರಬಹುದು. ಆದರೆ ಅರ್ಜಿ ಹಾಕುವುದಕ್ಕಾದರೂ ಬಿಡಬೇಕಲ್ವಾ?

ಅಲ್ಲಿನ ಕಾಲೇಜುಗಳಿಗೆಲ್ಲ ಅರ್ಜಿ ಹೋಗುವುದು ಯುಕ್ಯಾಸ್ ಅನ್ನುವ ಒಂದೇ ಕಡೆಯಿಂದ. ಅದರಲ್ಲಿ ಒಂದು ಶಿಫಾರಸು ಪತ್ರ ಬೇಕೇ ಬೇಕು. ಮನೆಯವರು, ನೆಂಟರು, ಸ್ನೇಹಿತರು ಅದನ್ನು ಬರೆಯುವ ಹಾಗಿಲ್ಲ. ಆ ನಿಯಮದ ಮೇಲೆ ನನಗೆ ಸಿಟ್ಟಿಲ್ಲ, ಅದು ಸರಿಯಾದದ್ದೇ. ಅಮ್ಮ ಬರೆದರೆ ಯಾವ ಅಮ್ಮ ಕಡಿಮೆ ಬರೆಯುತ್ತಾಳೆ? ಅದಕ್ಕೇ ಆ ಸರ್ ಹತ್ತಿರ ಹೋಗಿದ್ದು. ಆ ಪತ್ರದಲ್ಲೇ, ಕೊನೆಯ ಪರೀಕ್ಷೆಯಲ್ಲಿ ಇವಳಿಗೆ ಎಷ್ಟು ಬರಬಹುದು ಅನ್ನುವ ಅಂದಾಜು ಗ್ರೇಡನ್ನೂ ಹೇಳಬೇಕು. ಸ್ಕೂಲಿನ ಮಕ್ಕಳಿಗಾದರೆ ಸ್ಕೂಲು ಹೇಳುತ್ತದೆ. ಖಾಸಗಿಯಾಗಿ ಕಟ್ಟಿದವರಿಗೆ, ಪಾಠ ಮಾಡಿದವರಲ್ಲದೆ ಇನ್ಯಾರು ಹೇಳಬೇಕು?

ಒಂದೂವರೆ ವರ್ಷ ಸರ್. ಪ್ರತಿ ಭಾನುವಾರ ಒಂಬತ್ತರಿಂದ ಹನ್ನೊಂದು, ನಿಮ್ಮ ಮನೆಯ ಜಗಲಿಯಲ್ಲಿ. ಬಂದ ತಕ್ಷಣ ನೋಟ್‌ಬುಕ್ ತೆಗೆದು ಎಣಿಸಿದೆ. 63 ತಾರೀಖುಗಳಿವೆ. ಎಲ್ಲದರಲ್ಲೂ ನಿಮ್ಮ ಕೆಂಪು ಪೆನ್ನಿನ ಗುರುತಿದೆ. ಒಂದು ಪುಟದಲ್ಲಿ ನೀವೇ ಬರೆದಿದ್ದೀರಿ, “ಈ ದಾರಿ ನನಗೆ ಹೊಳೆದಿರಲಿಲ್ಲ” ಅಂತ. ಅವತ್ತು ಅವಳು ಅದನ್ನು ನನಗೆ ನಾಲ್ಕು ಸಲ ತೋರಿಸಿದಳು.

ದುಡ್ಡು ಬೇಡ ಅಂದವರು ನೀವು. ತೋಟದ ತೆಂಗಿನಕಾಯಿ ಕಳಿಸಿದರೆ “ಇಷ್ಟೊಂದು ಯಾಕೆ ಮೇಡಂ” ಅಂದವರು. ಪತ್ರದ ವಿಷಯ ಫೋನಿನಲ್ಲಿ ಹೇಳಿದಾಗ “ಬರೀತೀನಿ, ಕಾಲೇಜಿನ ಇಮೇಲ್‌ನಿಂದಲೇ ಬರೀಬೇಕಂದ್ರೆ ನಮ್ಮ ಪ್ರಿನ್ಸಿಪಾಲರಿಗೆ ಒಂದು ಮಾತು ಹೇಳ್ಬಿಡೋಣ, ಶುಕ್ರವಾರ ಬನ್ನಿ” ಅಂದವರೂ ನೀವೇ. ಅದಕ್ಕೇ ಬಂದೆವು. ಸುಮ್ನೆ ಬರಲಿಲ್ಲ.

ಆಫೀಸಿನ ಮುಂದೆ ಪಿಯುಸಿ ಮಕ್ಕಳ ಸಾಲು ಇತ್ತು. ಗುಮಾಸ್ತರು “ರಿಜಿಸ್ಟರ್ ನಂಬರ್ ಹೇಳಮ್ಮ” ಅಂದರು. ಇವಳು ಈ ಕಾಲೇಜಿನವಳಲ್ಲ ಅಂದೆ. “ಮತ್ತೆ ಯಾವ ಕಾಲೇಜು?” ಮನೆಯಲ್ಲೇ ಓದುತ್ತಾಳೆ ಅಂದೆ. ಅವರು ಪೆನ್ನು ಕೆಳಗಿಟ್ಟು, ಸಾಲಿನಲ್ಲಿದ್ದವರಿಗೆಲ್ಲ ಕೇಳಿಸುವ ಹಾಗೆ, “ಮನೇಲೇ ಓದೋದಾದ್ರೆ ಸೀಲೂ ಮನೇಲೇ ಮಾಡಿಸ್ಕೊಳ್ಳಿ” ಅಂದರು. ಮಕ್ಕಳು ನಕ್ಕರು. ಇವಳ ವಯಸ್ಸಿನವರೇ.

ಅದನ್ನು ನುಂಗಿಕೊಂಡೆ. ನಿಜವಾಗಿ ನುಂಗಿಕೊಂಡೆ. ಎಂಟು ವರ್ಷದಲ್ಲಿ ಇಂಥ ಮಾತು ಬೇಕಾದಷ್ಟು ಕೇಳಿದ್ದೇನೆ. ಮದುವೆ ಮನೆಯಲ್ಲಿ, ಬ್ಯಾಂಕಿನಲ್ಲಿ, ಪಾಸ್‌ಪೋರ್ಟ್ ಮಾಡಿಸುವಾಗ, “ಟಿಸಿ ಎಲ್ಲಿ, ವ್ಯಾಸಂಗ ಪ್ರಮಾಣಪತ್ರ ಎಲ್ಲಿ” ಅಂತ. ಇವತ್ತು ಆ ಗುಮಾಸ್ತರು ಆಧಾರ್ ಕಾರ್ಡನ್ನೂ ಜನನ ಪ್ರಮಾಣಪತ್ರವನ್ನೂ ಪಕ್ಕಪಕ್ಕ ಇಟ್ಟು, “ಇದರಲ್ಲಿ ಊರಿನ ಸ್ಪೆಲ್ಲಿಂಗೇ ಬೇರೆ ಇದೆಯಲ್ಲಮ್ಮ” ಅಂತ ಬೇರೆ ಅಂದರು. ಊರಿನ ಹೆಸರನ್ನು ಇಂಗ್ಲಿಷಿನಲ್ಲೂ ತುಮಕೂರು ಅಂತಲೇ ಬರೆಯಬೇಕು ಅಂತ ಸರ್ಕಾರ ಮಾಡಿದ್ದು 2014ರ ನವೆಂಬರ್ 1ಕ್ಕೆ. ಅದಕ್ಕೂ ಮೊದಲು ಹುಟ್ಟಿದ ಹುಡುಗಿಯ ಕಾಗದದಲ್ಲಿ ಹಳೇ ಸ್ಪೆಲ್ಲಿಂಗೇ ಇರುತ್ತದೆ. ಆ ಆಫೀಸಿನಲ್ಲಿ ಕೂತವರಿಗೆ ಇದು ಗೊತ್ತಿಲ್ಲವಾ?

ಆಮೇಲೆ ಪ್ರಿನ್ಸಿಪಾಲರ ರೂಮು. ಅವರು ಕೂರಲು ಹೇಳಲಿಲ್ಲ. ನಾನು ಹೇಳಿದೆ, ಲೆಟರ್‌ಹೆಡ್ ಬೇಡ ಸರ್, ಸೀಲ್ ಬೇಡ, ಪಾಠ ಮಾಡಿದವರು ಕಾಲೇಜಿನ ಇಮೇಲ್‌ನಿಂದ ನಾಲ್ಕು ಮಾತು ಬರೆದರೆ ಸಾಕು. ಅವರು ಸರ್ ಅವರನ್ನು ಒಳಗೆ ಕರೆಸಿದರು. “ಏನ್ರೀ, ನೀವು ಈ ಹುಡುಗಿಗೆ ಪಾಠ ಮಾಡಿದ್ದೀರಾ?”

ಸರ್ ಮೊದಲು ನನ್ನ ಕಡೆ ನೋಡಿದರು. ಆಮೇಲೆ ಮೇಜಿನ ಮೇಲಿದ್ದ ಪೇಪರ್‌ವೇಟ್ ಕಡೆ. ಮಗಳ ಕಡೆ ನೋಡಲೇ ಇಲ್ಲ. ಫ್ಯಾನ್ ಕಿರ್ ಕಿರ್ ಅಂತ ತಿರುಗುತ್ತಿತ್ತು. ಅಷ್ಟು ಹೊತ್ತು ಬೇಕಾ ಒಂದು “ಹೌದು” ಅನ್ನುವುದಕ್ಕೆ? ಆಗ ಬಂತು ಆ ಮಾತು. “ಯಾವಾಗ್ಲೋ ಒಂದೆರಡು ಸಲ ಡೌಟ್ ಕೇಳೋಕೆ ಬಂದಿದ್ಳು ಸಾರ್, ಅಷ್ಟೇ.”

ಮಗಳ ಬ್ಯಾಗಿನಲ್ಲಿ ಆ ನೋಟ್‌ಬುಕ್‌ಗಳೆಲ್ಲ ಇದ್ದವು. ಅವಳ ಕೈ ಬ್ಯಾಗಿನ ಜಿಪ್ ಮೇಲೆ ಹೋಯಿತು. ನಾನು ನೋಡುತ್ತಿದ್ದೆ. ಅರ್ಧ ಎಳೆದಳು. ಆಮೇಲೆ ವಾಪಸ್ ಮುಚ್ಚಿಬಿಟ್ಟಳು. ನಾನಾದರೂ ತೆಗೆದು ಮೇಜಿನ ಮೇಲೆ ಇಡಬಹುದಿತ್ತು. ಇಡಲಿಲ್ಲ. ಯಾಕೆ ಇಡಲಿಲ್ಲ? ಮೂರು ಗಂಟೆಯಿಂದ ಇದನ್ನೇ ಕೇಳಿಕೊಳ್ಳುತ್ತಿದ್ದೇನೆ.

ಪ್ರಿನ್ಸಿಪಾಲರು “ನೋಡಿದ್ರಾ ಮೇಡಂ” ಅಂದರು. “ಅಡ್ಮಿಷನ್ ಇಲ್ಲದ ಹುಡುಗಿಗೆ ನಾವು ಹೆಂಗೆ ಕೊಡೋದು? ಮಕ್ಕಳನ್ನ ಸ್ಕೂಲಿಗೆ ಕಳಿಸದೇ ಇರೋದೇ ಅಪರಾಧ, ಕೇಸ್ ಆಗತ್ತೆ ನಿಮ್ಮೇಲೆ.” ಇಲ್ಲ ಸ್ವಾಮಿ, ಆಗುವುದಿಲ್ಲ. ನಾನು ಆ ಕಾಯ್ದೆ ಓದಿದ್ದೇನೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಇರುವುದು 6ರಿಂದ 14 ವರ್ಷದ ಮಕ್ಕಳಿಗೆ. ಅದರ 10ನೇ ಸೆಕ್ಷನ್ ಮಕ್ಕಳನ್ನು ಶಾಲೆಗೆ ಸೇರಿಸುವುದು ಅಪ್ಪ ಅಮ್ಮನ ಕರ್ತವ್ಯ ಅನ್ನುತ್ತದೆ, ನಿಜ. ಸೇರಿಸದವರಿಗೆ ಶಿಕ್ಷೆ ಅಂತ ಅದರಲ್ಲಿ ಎಲ್ಲೂ ಇಲ್ಲ. ನನ್ನ ಮಗಳಿಗೆ ಈಗ 17. ಇವಳು ಹೋಗಬೇಕು ಅಂತಿರುವ ಇಂಗ್ಲೆಂಡಿನಲ್ಲಿ 1996ರ ಕಾಯ್ದೆ, ಮಗುವಿಗೆ ಶಾಲೆಯಲ್ಲೋ ಬೇರೆ ರೀತಿಯಲ್ಲೋ ಓದು ಸಿಗಬೇಕು ಅಂತಲೇ ಹೇಳುತ್ತದೆ. ಅಲ್ಲಿ ಮನೆಯಲ್ಲಿ ಓದುವವರೂ ಮಕ್ಕಳೇ.

ಇದೆಲ್ಲ ಈಗ ನೆನಪಾಗುತ್ತಿದೆ. ಅಲ್ಲಿ ಬಾಯಿ ಒಣಗಿಹೋಗಿತ್ತು. “ಸರಿ ಸರ್, ಥ್ಯಾಂಕ್ಸ್” ಅಂದೆ. ಥ್ಯಾಂಕ್ಸ್ ಯಾಕೆ ಅಂದೆನೋ!

ಸರ್ ತಪ್ಪೇನು ಅಂತಲೂ ಅನಿಸುತ್ತದೆ. ಅಲ್ಲಿ ಲೆಕ್ಚರರ್‌ಗಳು ಮನೆಯಲ್ಲಿ ಟ್ಯೂಷನ್ ಮಾಡಬಾರದು ಅಂತ ಆಡಳಿತ ಮಂಡಳಿಯವರು ಬರೆಸಿಕೊಂಡಿದ್ದಾರಂತೆ. ಹೌದು ಅಂದಿದ್ದರೆ ನಾಳೆ ನೋಟಿಸ್ ಬರುತ್ತಿತ್ತೇನೋ. ಅವರಿಗೂ ಮನೆ ಸಾಲ ಇದೆ, ಓದುವ ಮಕ್ಕಳಿದ್ದಾರೆ. ಕೆಲಸ ಕಳೆದುಕೊಳ್ಳಿ ಅಂತ ಹೇಳುವುದಕ್ಕೆ ನಾನ್ಯಾರು? ಬಿಟ್ಟುಬಿಡೋಣ ಅನಿಸುತ್ತದೆ. ಇಲ್ಲೇ ಯಾವುದಾದರೂ ಕಾಲೇಜಿಗೆ ಸೇರಿಸಿ, ಬಿಎಸ್ಸಿ ಓದಲಿ, ಬೆಳಿಗ್ಗೆ ಹೋಗಿ ಸಂಜೆ ಬರಲಿ.

ಇಲ್ಲ, ಬಿಡುವುದಿಲ್ಲ! ದುಡ್ಡು ತೆಗೆದುಕೊಂಡಿಲ್ಲ ಅಂತ ಒಂದು ಮಾತು ಹೇಳಬಹುದಿತ್ತಲ್ಲ ಸರ್? “ಚೆನ್ನಾಗಿ ಲೆಕ್ಕ ಮಾಡ್ತಾಳೆ” ಅಂತಲಾದರೂ? ಪತ್ರ ಕೊಡದಿದ್ದರೂ ಪರವಾಗಿರಲಿಲ್ಲ. ಅವಳ ಎದುರಿಗೇ ಅವಳು ಯಾರೋ ಅನ್ನುವ ಹಾಗೆ ಮಾಡಿಬಿಟ್ಟಿರಿ.

ಯಾರಾದರೂ ಹೇಳಿ ನನಗೆ. ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದ ಹುಡುಗಿಗೆ ಕಲಿಸಿದವರು ಅವಳ ಮೇಷ್ಟ್ರಲ್ಲವಾ? ಇವಳನ್ನು ನಾನು ಬಲ್ಲೆ, ಇವಳಿಗೆ ಪಾಠ ಮಾಡಿದ್ದೇನೆ ಅಂತ ಹೇಳುವುದಕ್ಕೆ ಈ ಊರಿನಲ್ಲಿ ಯಾವ ಸೀಲು ಬೇಕು? ಇಂಥ ಪತ್ರ ನಿಮ್ಮ ಮಕ್ಕಳಿಗೆ ಯಾರು ಬರೆದುಕೊಟ್ಟರು? ಮನೆಯಲ್ಲಿ ಓದಿಸಿದವರು ಯಾರಾದರೂ ಇದ್ದರೆ ದಯವಿಟ್ಟು ಉತ್ತರ ಕೊಡಿ. ಅಕ್ಟೋಬರ್ 15 ಕೊನೆಯ ದಿನ. ಅಲ್ಲಿ ಸಂಜೆ ಆರು, ಇಲ್ಲಿ ರಾತ್ರಿ ಹತ್ತೂವರೆ. ಪತ್ರ ಸೇರದೆ ಅರ್ಜಿ ಮುಂದೆ ಹೋಗುವುದಿಲ್ಲ. ಬೆರಳಲ್ಲಿ ಎಣಿಸುವಷ್ಟು ದಿನ ಉಳಿದಿದೆ.

ಬಸ್ಸಿನಲ್ಲಿ ಅವಳು ಒಂದು ಮಾತೂ ಆಡಲಿಲ್ಲ. ಕಿಟಕಿ ಕಡೆ ತಿರುಗಿ ಕೂತಿದ್ದಳು. ಅತ್ತಿದ್ದರೆ ನನಗೇ ಸಮಾಧಾನವಾಗುತ್ತಿತ್ತು. ಮನೆಗೆ ಬಂದವಳೇ ಕೈಕಾಲು ತೊಳೆದುಕೊಂಡು ಸ್ಟೆಪ್‌ನ ಹಳೇ ಪೇಪರ್ ಮುಂದಿಟ್ಟುಕೊಂಡು ಕೂತಿದ್ದಾಳೆ.

ಈಗ ಸರ್ ಅವರಿಂದ ಮೆಸೇಜ್ ಬಂದಿದೆ. “ಬೇಜಾರು ಮಾಡ್ಕೋಬೇಡಿ ಮೇಡಂ, ಪರಿಸ್ಥಿತಿ ಹಾಗಿತ್ತು.” ಕೈ ಮುಗಿಯುವ ಚಿತ್ರ ಬೇರೆ. ಉತ್ತರ ಕೊಟ್ಟಿಲ್ಲ. ಬೈಯಲಾ, ಇನ್ನೊಂದು ಸಲ ಕೇಳಿಕೊಳ್ಳಲಾ, ಗೊತ್ತಾಗುತ್ತಿಲ್ಲ.

ಈಗಷ್ಟೇ ಮಗಳು ಅಡುಗೆಮನೆ ಬಾಗಿಲಿಗೆ ಬಂದು ನಿಂತಳು. ಕೈಯಲ್ಲಿ ಪೇಪರ್ ಹಾಗೇ ಇತ್ತು. “ಅಮ್ಮ, ಏಳನೇ ಲೆಕ್ಕ ಬರ್ತಿಲ್ಲ. ಭಾನುವಾರ ಸಾರ್ ಮನೆಗೆ ಹೋಗ್ಲಾ, ಬೇಡ್ವಾ?”